ಜಪಾನಿನ ಜಾರುಬಂಡಿ, ಮಂಠಾಳದ ಇಳಿಜಾರು

ನನ್ನ ಗಂಡನ ಅಣ್ಣ ಜಪಾನಿನಲ್ಲಿದ್ದದ್ದು ಒಂದೇ ವಾರ. ಅವರು ಬಂದ ಮೇಲೆ ಜಪಾನು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಇತ್ತು.

ಭಾವನವರಿಗೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್ ಇದೆ. ಗುಡ್ಡವೊಂದನ್ನು ಅರ್ಧ ತಿಂದು ಮುಗಿಸಿದ್ದಾರೆ, ಉಳಿದರ್ಧಕ್ಕೆ ಲೈಸೆನ್ಸ್ ಇದೆ. ಯಂತ್ರ ಮಾರುವವರು ತಮ್ಮ ದೊಡ್ಡ ಗಿರಾಕಿಗಳನ್ನೆಲ್ಲ ವಿಮಾನ ಹತ್ತಿಸಿ ಕರೆದುಕೊಂಡು ಹೋದಾಗ ಇವರೂ ಹೋದರು. ಹೋಗುವಾಗ ಒಂದು ಸೂಟ್‌ಕೇಸ್ ತುಂಬ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಬರುವಾಗ ಒಂದು ಕಾಗದದ ಬೀಸಣಿಗೆ, ಮತ್ತು ಯಾರನ್ನು ಕಂಡರೂ ಸೊಂಟ ಬಗ್ಗಿಸಿ ನಮಸ್ಕರಿಸುವ ಹೊಸ ಚಟ. ಕೂಲಿಯವರಿಗೆ ಮಾತ್ರ ಆ ಸೊಂಟ ಬಗ್ಗುತ್ತಿರಲಿಲ್ಲ. ಅದು ಜಪಾನಿಗೆ ಹೋಗುವ ಮೊದಲೂ ಬಗ್ಗಿದ್ದಲ್ಲ.

ಬಂದ ಮರು ಭಾನುವಾರವೇ ಹುಮನಾಬಾದಿನ ನಮ್ಮ ಮನೆಗೆ ಬಂದರು. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದರು. ಅವತ್ತು ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಭಾವ ಫೋನನ್ನು ಅತ್ತೆಯ ಮುಖದೆದುರು ಹಿಡಿದರು. ಮ್ಯೂಸಿಯಂ ಒಂದರ ಮಂದ ಬೆಳಕಿನಲ್ಲಿ ಕಪ್ಪಗೆ ಮಲಗಿದ್ದ ಒಂದು ದೊಡ್ಡ ಮರದ ದಿಮ್ಮಿಯ ಚಿತ್ರ. ಕವಲೊಡೆದ ಇಡೀ ಮರವನ್ನೇ ಕಡಿದು, ಕಾಂಡವನ್ನು ಮುಂದೆ ಮೂತಿಯಂತೆ ಮಾಡಿ, ಎರಡು ಕವಲನ್ನು ಹಿಂದೆ ಕಾಲುಗಳಂತೆ ಚಾಚಿ ಬಿಟ್ಟಿದ್ದರು. ಗಾಲಿ ಇಲ್ಲ, ಕೀಲು ಇಲ್ಲ. ಹಗ್ಗ ಪೋಣಿಸಲು ತೂತುಗಳಿದ್ದವು ಅಷ್ಟೆ.

"ಇದೇನೋ, ಕುಂಟಿ ಮುರದದ ಏನು?" ಎಂದರು ಅತ್ತೆ. ಹೊಲ ಹರಗುವ ಕುಂಟೆ ಎಂದುಕೊಂಡಿದ್ದರು.

"ಕುಂಟಿ ಅಲ್ಲವ್ವಾ. ಸಾವಿರಾರು ವರ್ಷದ ಹಿಂದಿನ ಜಾರುಬಂಡಿ! ರಾಜರ ಗೋರಿಗೆ ಕಲ್ಲ ಎಳೀಲಿಕ್ಕೆ ಮಾಡಿದ್ದು. ಗೋರಿ ಸುತ್ತಿನ ಕಂದಕದ ಕೆಸರಿನ್ಯಾಗ ಸಿಕ್ಕದ. ಇದಕ್ಕ ಅಲ್ಲಿ ಮಂದಿ ಶುರಾ ಅಂತಾರ. ಶುರಾ ಅಂದ್ರ ಅಸುರ. ನಮ್ಮ ಶಬ್ದ! ಎಲ್ಲಾ ಇಲ್ಲಿಂದೇ ಹೋಗ್ಯದ."

ನಾನು ಇಲ್ಲಿಯ ಹುಡುಗಿಯರ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಎಲ್ಲಾ ಇಲ್ಲಿಂದಲೇ ಹೋಗಿದೆ ಎನ್ನುವವರನ್ನು ದಿನಾ ನೋಡುತ್ತೇನೆ. ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಹುಡುಕಿ ಓದಿದೆ. ಭಾವನವರ ಮಾತಿನಲ್ಲಿ ಒಂದು ಚೂರು ನಿಜವಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಬೌದ್ಧ ಧರ್ಮದ ಜೊತೆ ನಮ್ಮ ಇಂದ್ರನೂ ಅಸುರನೂ ಅಲ್ಲಿಗೆ ಹೋಗಿದ್ದಾರೆ. ಅಲ್ಲಿ ಇಂದ್ರನ ಹೆಸರು ದೊಡ್ಡ ಕಲ್ಲು ಎಂಬರ್ಥದ ಮಾತಿನಂತೆಯೇ ಕೇಳಿಸುತ್ತದಂತೆ. ಇಂದ್ರನನ್ನು ಅಲ್ಲಾಡಿಸಬಲ್ಲವನು ಅಸುರನೊಬ್ಬನೇ, ಆದ್ದರಿಂದ ದೊಡ್ಡ ಕಲ್ಲನ್ನು ಅಲ್ಲಾಡಿಸುವ ಬಂಡಿಗೆ ಅಸುರನ ಹೆಸರು. ಯಾರೋ ರಸಿಕರು ಕಟ್ಟಿದ ಚೆಂದದ ತಮಾಷೆ. ಆದರೆ ಆ ಓಕ್ ಮರ ಕಡಿದವರು, ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆದವರು ಅಲ್ಲಿಯ ಬಡವರು. ಭಾವನವರು ಅವರ ಹೆಸರು ಎತ್ತಲಿಲ್ಲ. ಎತ್ತಲು ಅವರ ಹೆಸರು ಉಳಿದೂ ಇಲ್ಲ.

ಆ ಭಾನುವಾರವೇ, ಬೇಳೆ ಹಸನು ಮಾಡುತ್ತಿದ್ದ ಅತ್ತೆಗೆ ಭಾವ ತಮ್ಮ ಯೋಜನೆಯನ್ನೂ ಹೇಳಿದ್ದರು. ಮಾವನ ವರ್ಷದ ಪುಣ್ಯತಿಥಿಗೆ ಮಂಠಾಳದ ಹೊಲದಲ್ಲಿ, ಅವರ ಸಮಾಧಿಯ ಮೇಲೆ ಒಂದು ದೊಡ್ಡ ಕರಿ ಬಂಡೆ ಇಡುವುದು. ಬಂಡೆ ಗುಡ್ಡದಲ್ಲಿ ಈಗಾಗಲೇ ಸಿಕ್ಕಿದೆ. ಅದನ್ನು ಕ್ರೇನಿನಿಂದ ತರುವುದಿಲ್ಲ. ಜಪಾನಿನ ರಾಜರಿಗೆ ತಂದಂತೆ ಶುರಾದ ಮೇಲೆ, ಜನರಿಂದ ಎಳೆಸಿ ತರುವುದು.

ಅತ್ತೆ ಮೊರ ಕೆಳಗಿಟ್ಟರು. "ಕಲ್ಲ್ಯಾಕೋ? ನಿಮ್ಮಪ್ಪ ಜೀವಮಾನ ಇಡೀ ಆ ಹೊಲದಾಗಿನ ಕಲ್ಲ ಆರಿಸಿ ಬದುವಿಗೆ ಒಗದ್ರು. ಬೆನ್ನ ಬಗ್ಗಿ ಹೋಗಿತ್ತು. ಈಗ ನೀ ಗುಡ್ಡದ್ದು ತಂದು ಅವರ ಎದಿ ಮ್ಯಾಲೆ ಇಡ್ತಿ?"

"ಅವ್ವಾ, ಇದು ಇಜ್ಜತ್ತಿನ ಮಾತು. ನಿನಗ ತಿಳಿಯೋದಿಲ್ಲ."

ಅತ್ತೆ ಮೊರವನ್ನು ಮತ್ತೆ ಎತ್ತಿಕೊಂಡರು. ನಾನು ಚಹಾ ತರಲು ಒಳಗೆ ಹೋದೆ. ಗಂಡನ ಅಣ್ಣನೆದುರು ತಿರುಗಿ ಮಾತಾಡುವ ರೂಢಿ ನಮ್ಮಲ್ಲಿ ಇಲ್ಲ. ಹೇಳಬೇಕಾದ್ದನ್ನೆಲ್ಲ ಚಹಾದ ಪಾತ್ರೆಗೆ ಹೇಳಿ ಕುದಿಸಿದೆ.

ಅಪ್ಪನ ಇಜ್ಜತ್ತು ಎಂದು ಇವರು ಹೇಳಿದ್ದು ಕೇಳಿ ನನಗೆ ನಗು ಬರದೆ ಇರಲಿಲ್ಲ. ಮಾವ ಕೊನೆಯ ಚಳಿಗಾಲವಿಡೀ ನಮ್ಮ ಮನೆಯಲ್ಲಿ ಮಲಗಿದ್ದರು. ಎತ್ತಿ ಕೂರಿಸಲು, ಮೈ ಒರೆಸಲು ನನ್ನ ಗಂಡ ಇದ್ದ. ಭಾವ ಬರಲಿಲ್ಲ, ಅವರ ಬದಲಿಗೆ ಮೈ ತಿಕ್ಕುವ ಮಸಾಜ್ ಕುರ್ಚಿಯೊಂದು ಬಂತು. ಅದರಲ್ಲಿ ಒಮ್ಮೆ ಕೂತ ಮಾವ, ಯಾರೋ ಹಿಂದಿನಿಂದ ಗುದ್ದುತ್ತಿದ್ದಾರೆ ಎಂದು ಹೆದರಿ ಎದ್ದುಬಿಟ್ಟರು. ಆಮೇಲೆ ನಾವು ಅದರ ಮೇಲೆ ಒಗೆದ ಬಟ್ಟೆ ಒಣಗಿಸಿದೆವು. ಭಾವ ವಿಡಿಯೊ ಕಾಲ್ ಮಾಡಿದಾಗ ಮಾತ್ರ ಬಟ್ಟೆ ತೆಗೆದು ಮಾವನನ್ನು ಕುರ್ಚಿಯ ಪಕ್ಕ ಕೂರಿಸಬೇಕಾಗುತ್ತಿತ್ತು.

ಎಳ್ಳ ಅಮಾವಾಸ್ಯೆಗೆ ಇನ್ನೂ ದಿನವಿದ್ದಾಗ ಅತ್ತೆ ಹೊಲ ನೋಡಬೇಕೆಂದರು. ಹೊಲ ಅವರ ಹೆಸರಿನಲ್ಲೇ ಇತ್ತು. ಬಸವಕಲ್ಯಾಣದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಮಂಠಾಳಕ್ಕೆ ಇಳಿದು, ಇಬ್ಬರೂ ಹೊಲದ ದಾರಿ ಹಿಡಿದು, ಹಳ್ಳ ದಾಟಿ ನಡೆದೆವು. ಬಾವಿಯ ಹತ್ತಿರ ಬರುತ್ತಲೇ ಅತ್ತೆ ನಿಂತುಬಿಟ್ಟರು. ಅಲ್ಲಿ ಇರಬೇಕಾಗಿದ್ದ ಕವಲು ಹುಣಸೆಮರ ಇರಲಿಲ್ಲ. ಬುಡ ಮಾತ್ರ ಇತ್ತು, ಹಸಿ ಹಸಿಯಾಗಿ. ಸುತ್ತ ರೆಂಬೆ ಎಲೆಯ ರಾಶಿ, ಅದರ ತುಂಬ ಬಲಿಯುತ್ತಿದ್ದ ಎಳೆ ಹುಣಸೆಕಾಯಿ.

ಪಕ್ಕದ ಹೊಲದವನು ಬಂದು ಹೇಳಿದ. "ಸಾವ್ಕಾರ್ರು ಮಿಷಿನ್ ತಂದು ಕಡ್ಸಿಕೊಂಡು ಹೋದ್ರಲ್ರಿ. ನಿಮಗ ಗೊತ್ತಿಲ್ಲೇನ್ರಿ ಅವ್ವಾರ?"

ಅತ್ತೆ ಆ ಮರದ ಹಣ್ಣನ್ನು ಪ್ರತಿವರ್ಷ ಬಡಿಸಿ, ಬೀಜ ತೆಗೆಸಿ, ಉಪ್ಪು ಹಾಕಿ ಉಂಡೆ ಕಟ್ಟಿ ನೆಂಟರಿಗೆಲ್ಲ ಹಂಚುತ್ತಿದ್ದರು. ಅವರು ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಸೆರಗು ಬಿಚ್ಚಿ ಬಗ್ಗಿ ಎಳೆಕಾಯಿ ಆರಿಸತೊಡಗಿದರು. "ಸುಮ್ನ ನಿಂತಿ ಯಾಕ? ಆರ್ಸು. ತೊಕ್ಕರ ಆಗ್ತದ" ಎಂದರು. ಸೆರಗು ತುಂಬಿತು, ನನ್ನ ಚೀಲ ತುಂಬಿತು, ರಾಶಿ ಅಷ್ಟೇ ಇತ್ತು. ಸಾಕಾಗಿ ಬುಡದ ಮೇಲೆ ಕೂತು ಹಿರಿಯ ಮಗನಿಗೆ ಫೋನ್ ಹಚ್ಚಿಸಿದರು.

"ಅಪ್ಪನ ಸಲುವಾಗೇ ಕಡ್ಸೀನವ್ವ. ಎಲ್ಲೂ ಅಂಥ ಕವಲ ಸಿಗಲಿಲ್ಲ ನೋಡು" ಎಂಬ ಉತ್ತರ ಫೋನಿನಿಂದಾಚೆಗೆ ನನಗೂ ಕೇಳಿಸಿತು. ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟರು.

ಶುರಾ ತಯಾರಾದದ್ದು ಹೆದ್ದಾರಿ ಪಕ್ಕದ ಲಾರಿ ಬಾಡಿ ಕಟ್ಟುವ ಅಂಗಡಿಯಲ್ಲಿ. ಅದನ್ನು ನೋಡಲು ಭಾವ ನಮ್ಮನ್ನೆಲ್ಲ ಕಾರಿನಲ್ಲಿ ಕರೆದುಕೊಂಡು ಹೋದರು. ಅಂಗಡಿಯವರಿಗೆ ಗೊತ್ತಿದ್ದದ್ದು ಲಾರಿ, ಅವರು ಶುರಾವನ್ನೂ ಲಾರಿಯಂತೆಯೇ ಅಲಂಕರಿಸಿದ್ದರು. ಕೆಂಪು ಬಣ್ಣ, ಎರಡೂ ಬದಿಗೆ ನವಿಲು, ಮೂತಿಯ ಮೇಲೆ ಹಳದಿ ಅಕ್ಷರದಲ್ಲಿ 'ಅಪ್ಪಾಜಿಯ ಆಶೀರ್ವಾದ'. ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗಾಡುತ್ತಿತ್ತು. ಯಾವ ಜಪಾನಿನ ರಾಜನೂ ಇಂಥದ್ದರ ಮೇಲೆ ತನ್ನ ಗೋರಿಯ ಕಲ್ಲನ್ನು ಏರಿಸಲು ಒಪ್ಪುತ್ತಿರಲಿಲ್ಲ. ಭಾವ ಮಾತ್ರ ಸುತ್ತ ಸುತ್ತಿ ಫೋಟೊ ತೆಗೆಸಿಕೊಂಡರು.

ಓದಿದ್ದು ತಲೆಯಲ್ಲಿತ್ತು, ಬಾಯಿ ತಡೆಯಲಿಲ್ಲ. "ಭಾವಾರ, ಮಂಠಾಳದ ಹಳ್ಳಕ್ಕ ಇಳಿಜಾರದ. ಇಳಿಯುವಾಗ ಹಿಂದಿನಿಂದ ಹಗ್ಗ ಕಟ್ಟಿ ಮಂದಿ ಜಗ್ಗಿ ಹಿಡೀಬೇಕಾಗ್ತದ. ಇಲ್ಲಂದ್ರ ತಾನೇ ಓಡ್ತದ" ಎಂದೆ.

ಭಾವ ನನ್ನ ಗಂಡನ ಕಡೆ ತಿರುಗಿ ನಕ್ಕರು. "ಟೀಚರ್ ಬಾಯಿ ಜಪಾನಿಗೆ ಹೋಗದನೇ ಎಲ್ಲಾ ಕಲ್ತಾರ ನೋಡೋ. ಹಿಂದ ಮಂದಿ ನಿಂತ್ರ ವಿಡಿಯೊದಾಗ ಕಲ್ಲು ಹ್ಯಾಂಗ ಕಾಣಸ್ತದ?"

ನನ್ನ ಗಂಡ ನೆಲ ನೋಡಿದ. ವಿದ್ಯುತ್ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾಗಿರುವ ಅವನು ಸಣ್ಣವನಿದ್ದಾಗಿನಿಂದ ಅಣ್ಣನ ಮಾತಿಗೆ ನೆಲ ನೋಡಿಯೇ ಬೆಳೆದವನು.

ಎಳೆಯುವ ದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಮಂಠಾಳದ ರಸ್ತೆ ಬದಿಗೆ ಬಂಡೆ ಬಂದು ನಿಂತಿತ್ತು. ಬಂದದ್ದು ಹೇಗೆಂದರೆ ಲಾರಿಯ ಮೇಲೆ. ಲಾರಿಯಿಂದ ಶುರಾದ ಮೇಲೆ ಇಳಿಸಿದ್ದು ಭಾವನವರ ಸ್ವಂತ ಕ್ರೇನು. ಗುಡ್ಡದಿಂದ ಮಂಠಾಳದವರೆಗೆ ಡೀಸೆಲ್ಲು, ರಸ್ತೆಯಿಂದ ಹೊಲದವರೆಗೆ ಪುರಾತನ ಜಪಾನು! ಕ್ರೇನನ್ನು ಡ್ರೋನ್ ಕ್ಯಾಮೆರಾಕ್ಕೆ ಕಾಣದಂತೆ ಬೇವಿನ ಮರದ ಹಿಂದೆ ನಿಲ್ಲಿಸಿದ್ದರು. ಕ್ರೇನಿನ ಕತ್ತು ಮಾತ್ರ ಮರಕ್ಕಿಂತ ಎತ್ತರವಾಗಿ ಇಣುಕುತ್ತಿತ್ತು.

ಎಳೆಯಲು ಕ್ರಷರಿನ ಕೂಲಿಯವರಿದ್ದರು. ಅವರಿಗೆ ಅವತ್ತು ರಜೆ ಕೊಟ್ಟು, ರಜೆಗೆ ಕಡ್ಡಾಯವಾಗಿ ಬರಬೇಕೆಂದು ಹೇಳಿದ್ದರು. ಎಲ್ಲರ ತಲೆಗೂ ಗುಲಾಬಿ ಬಣ್ಣದ ಪೇಟ. ಇಸ್ತ್ರಿ ಬಟ್ಟೆಯ ನೆಂಟರು ಹಗ್ಗದ ತುದಿ ಹಿಡಿದು ಫೋಟೊ ತೆಗೆಸಿಕೊಂಡು, ಅಂಗೈ ಒರೆಸಿಕೊಂಡು, ಶಾಮಿಯಾನದ ಕೆಳಗೆ ಉಪ್ಪಿಟ್ಟಿನ ಕಡೆ ನಡೆದರು. ಭಾವ ಅಂಗಿಯ ಕೊರಳಿಗೆ ಸಣ್ಣ ಮೈಕ್ ಸಿಕ್ಕಿಸಿಕೊಂಡು ಬಂಡೆಯ ಮೇಲೆ ಹತ್ತಿದರು. ಜಪಾನಿನಲ್ಲಿ ಹಿಂದೆ ಹಾಗೆ ಕಲ್ಲಿನ ಮೇಲೆ ನಿಂತು ಬೀಸಣಿಗೆ ಬೀಸುತ್ತ ಎಳೆಯುವವರಿಗೆ ಹುರುಪು ಕೊಡುತ್ತಿದ್ದರೆಂದು ಅವರಿಗೆ ಯಾರೋ ಹೇಳಿದ್ದರಂತೆ. ಬಂಡೆಯ ಭಾರ ಸಾಲದೆಂದು ತಮ್ಮ ಭಾರವನ್ನೂ ಸೇರಿಸಿ, ಬೀಸಣಿಗೆ ಬಿಚ್ಚಿ, "ಎಳೀರಿ!" ಎಂದರು. ಶಾಮಿಯಾನದ ಲೌಡ್ ಸ್ಪೀಕರುಗಳು "ಎಳೀರಿ, ಎಳೀರಿ" ಎಂದು ಊರಿಗೆಲ್ಲ ಹೇಳಿದವು.

ಬಂಡೆ ಅಲ್ಲಾಡಲಿಲ್ಲ. ಮತ್ತೆ ಎಳೆದರು. ಹಗ್ಗ ಬಿಗಿಯಾಗಿ ಕಿರ್ ಎಂದಿತು, ಬಂಡೆ ಕೂತಲ್ಲೇ ಕೂತಿತ್ತು. ಹಗ್ಗದ ಸಾಲಿನಲ್ಲಿ ಮುಂದಿದ್ದ ನನ್ನ ಗಂಡನ ಕುತ್ತಿಗೆಯ ನರ ಉಬ್ಬಿದ್ದು ನೋಡಿ ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಹಗ್ಗ ಹಿಡಿದೆ. ನಾನು ಹಿಡಿದದ್ದು ನೋಡಿ ತೊಗರಿ ಕೊಯ್ಯಲು ಬಂದಿದ್ದ ಹೆಂಗಸರೂ ಬಂದು ಹಿಡಿದರು. ನನ್ನ ಮುಂದೆ ಹುಲಸೂರಿನ ಕೂಲಿಯೊಬ್ಬನಿದ್ದ. ಭಾವನವರ ಕ್ರಷರಿನಲ್ಲಿ ಬಹಳ ವರ್ಷದಿಂದ ದುಡಿಯುವವನು, ಕೂದಲು ನರೆತಿತ್ತು. ತಿರುಗಿ ನನ್ನನ್ನು ನೋಡಿ, "ಅಕ್ಕಾರ, ಕೈಗಿ ಸೆರಗ ಸುತ್ಕೋರಿ, ಚರ್ಮ ಕಿತ್ತ್ ಬರ್ತದ" ಎಂದ. ಸುತ್ತಿಕೊಂಡೆ. ಯಾರೋ "ಹೈಸಾ" ಎಂದರು. ಎಲ್ಲರೂ ಅಂದರು. ಆಗ ಬಂಡೆ ಸರಿಯಿತು.

ಇದನ್ನು ಹೇಳಲೇಬೇಕು. ಆ ಕ್ಷಣ ನನಗೆ ಆದ ಹಿಗ್ಗು ಇಂಥದ್ದೆಂದು ವಿವರಿಸಲಾರೆ. ಅಂಗಾಲಿನಿಂದ ಭುಜದವರೆಗೆ ಏನೋ ಹರಿದಂತಾಯಿತು. ಅಷ್ಟು ದೊಡ್ಡದು, ನಮ್ಮಂಥವರ ಕೈಗೆ, ಬಂತು. ದಾರಿಗೆ ಅಡ್ಡ ಹಾಸಿದ್ದ ನೀಲಗಿರಿ ಕಂಬಗಳ ಮೇಲೆ ಗಡಗಡ ಎನ್ನುತ್ತ ಬಂತು. ಹುಲಸೂರಿನವನು ಹಲ್ಲು ಬಿಟ್ಟು ನಗುತ್ತಿದ್ದ. ನಾನೂ ನಗುತ್ತಿದ್ದೆ. ಭಾವನವರ ಬೀಸಣಿಗೆ, ನವಿಲು, ಡ್ರೋನು ಯಾವುದೂ ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ತೊಗರಿ ಸಾಲಿನ ಪಕ್ಕದ ದಾರಿಗುಂಟ ಹಾಡಿಕೊಂಡು, ಬೈದುಕೊಂಡು, ನಿಂತು ನೀರು ಕುಡಿದು, ಮತ್ತೆ ಎಳೆದೆವು. ಹಿಂದೆ ಬಿದ್ದ ಕಂಬಗಳನ್ನು ಎತ್ತಿ ತಂದು ಮುಂದೆ ಹಾಕುವವರು ಓಡಾಡುತ್ತಿದ್ದರು.

ಹಳ್ಳದ ದಂಡೆ ಬಂದಾಗ ನಾವು ಹೆಂಗಸರು ಹಗ್ಗ ಬಿಟ್ಟು ಪಕ್ಕಕ್ಕೆ ಸರಿದೆವು. ಅಲ್ಲಿಂದ ದಾರಿ ಇಳಿಯುತ್ತದೆ. "ಅಣ್ಣಾ, ಕೆಳಗ ಇಳಿ, ಇಲ್ಲೆ ನಿಲ್ಲಿಸಿ ಹಿಂದ ಹಗ್ಗ ಕಟ್ಟೋಣು" ಎಂದು ನನ್ನ ಗಂಡ ಕೂಗಿದ್ದು ನನಗೆ ಕೇಳಿಸಿತು. ಭಾವನಿಗೆ ಡ್ರೋನ್ ತಲೆಯ ಮೇಲೆ ಬಂದದ್ದು ಕಾಣಿಸಿತು. ಬೀಸಣಿಗೆ ಎತ್ತಿ, "ಎಳೀರೋ!" ಎಂದರು.

ಎಳೆಯಬೇಕಾಗಿಯೇ ಇರಲಿಲ್ಲ. ಶುರಾದ ಮೂತಿ ದಂಡೆಯಾಚೆ ಬಾಗಿತು, ಅಷ್ಟೆ. ಆಮೇಲೆ ಅದು ತಾನೇ ಹೊರಟಿತು. ಮುಂದಿದ್ದವರು ಹಗ್ಗ ಬಿಸುಟು ಎರಡೂ ಕಡೆಗೆ ಹಾರಿದರು. ಭಾವ ಉತ್ತ ಹೊಲದ ಮೆತ್ತನೆ ಮಣ್ಣಿಗೆ ಜಿಗಿದು ಬಿದ್ದರು. ಹುಲಸೂರಿನವನು ಜಿಗಿಯಲು ಹೋಗಿ ಉರುಳುವ ಕಂಬದ ಮೇಲೆ ಕಾಲಿಟ್ಟ. ಅವನು ಬಿದ್ದದ್ದು ಕಂಡಿತು, ಶುರಾದ ಕೆಂಪು ಕವಲು ಅವನನ್ನು ದಾಟಿ ಹೋದದ್ದು ಕಂಡಿತು. ಕೂಗು ಆಮೇಲೆ ಬಂತು. ಕೆಳಗೆ ಹಳ್ಳದ ಉಸುಕಿಗೆ ಬಂಡೆ ಮಗುಚಿ ಬಿದ್ದ ಸದ್ದಿಗೆ ನೆಲ ನಡುಗಿತು.

ಒಂದು ಕಂಬ ಮತ್ತು ನೆಲದ ನಡುವೆ ಅವನ ಬಲಪಾದ ಸಿಕ್ಕಿ ಅಪ್ಪಚ್ಚಿಯಾಗಿತ್ತು. ನನ್ನ ಗಂಡ ಮೊದಲು ಓಡಿ ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಗ ಲೌಡ್ ಸ್ಪೀಕರಿನಲ್ಲಿ ಭಾವನವರ ಧ್ವನಿ, ಏದುಸಿರಿನ ಜೊತೆ, ಮಂಠಾಳಕ್ಕೆಲ್ಲ ಕೇಳುವಂತೆ ಬಂತು:

"ಕಲ್ಲ ಒಡೀತೇನು? ನೋಡ್ರಿ, ಕಲ್ಲ ಒಡೀತೇನು?"

ಕೊರಳಿನ ಮೈಕ್ ಇನ್ನೂ ಚಾಲೂ ಇತ್ತು. ಶಾಮಿಯಾನದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರು ಎದ್ದು ನಿಂತರು. ನನ್ನ ಗಂಡ ತಲೆ ಎತ್ತಿದ. ಹತ್ತಿರ ಬಂದು ನಿಂತಿದ್ದ ಅಣ್ಣನ ಮುಖವನ್ನು ನೇರ ನೋಡಿ, "ಅಣ್ಣಾ, ಬಾಯಿ ಮುಚ್ಚು" ಎಂದ. ಅದೂ ಅದೇ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಮದುವೆಯಾದಾಗಿನಿಂದ ಅವನ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಕ್ಕಿಲ್ಲ.

ಬೇವಿನ ಮರದ ಹಿಂದಿನ ಕ್ರೇನ್ ಈಗ ಬಂತು, ನೆಲದೊಳಗೆ ಹೂತಿದ್ದ ಕಂಬ ಎತ್ತಿತು. ಅವನನ್ನು ಭಾವನವರ ಕಾರಿನಲ್ಲೇ ಮಲಗಿಸಿ ಬಸವಕಲ್ಯಾಣದ ದವಾಖಾನೆಗೆ, ಅಲ್ಲಿಂದ ಕಲಬುರಗಿಗೆ ಒಯ್ದರು. ಅರ್ಧ ಪಾದ ತೆಗೆಯಬೇಕಾಯಿತು. ದವಾಖಾನೆಯ ಖರ್ಚನ್ನೆಲ್ಲ ಭಾವನೇ ಕೊಟ್ಟರು. ಅದನ್ನು ಹೇಳದೆ ಬಿಟ್ಟರೆ ನಾನೂ ಅವರಂಥವಳೇ ಆಗುತ್ತೇನೆ. ಆದರೆ ಅವರು ಇನ್ನೊಂದನ್ನೂ ಮಾಡಿದರು. ನೋಡಲು ಬಂದವರಿಗೆಲ್ಲ, ಫೋನ್ ಮಾಡಿದವರಿಗೆಲ್ಲ, "ಪಾಪ, ಮುಂಜಾನಿಂದೇ ಕುಡ್ದಿದ್ದ" ಎಂದು ಹೇಳತೊಡಗಿದರು. ಡ್ರೋನಿನ ವಿಡಿಯೊ ಎಲ್ಲಿ ಹೋಯಿತೋ ಯಾರಿಗೂ ಸಿಗಲಿಲ್ಲ.

ನಾನು ಅವನ ಹಿಂದೆಯೇ ಹಗ್ಗ ಹಿಡಿದವಳು. ಅವನ ಬಾಯಿಂದ ಬಂದದ್ದು ಶೇಂಗಾ ಮತ್ತು ಬೀಡಿಯ ವಾಸನೆ. ಭಾವನ ಮನೆಗೇ ಹೋಗಿ ಹಾಗಂದೆ. ರೂಢಿ ಗೀಢಿ ಅವತ್ತು ನೆನಪಾಗಲಿಲ್ಲ. "ನೀವು ಸುಳ್ಳು ಹೇಳಾಕತ್ತೀರಿ, ಭಾವಾರ. ಅವ ಕುಡದಿರಲಿಲ್ಲ."

"ನಿನಗ ಬಿಸಿನೆಸ್ಸಿನ ಮಾತು ತಿಳಿಯೋದಿಲ್ಲವ್ವ. ನಾಳೆ ಕೇಸ್ ಗೀಸ್ ಆದ್ರ?" ಎಂದರು. ಅತ್ತೆಗೆ ತಿಳಿಯುವುದಿಲ್ಲ, ನನಗೆ ತಿಳಿಯುವುದಿಲ್ಲ. ಆ ಮನೆಯಲ್ಲಿ ತಿಳಿಯುವವರು ಒಬ್ಬರೇ.

ಕುಡಿದಿದ್ದ ಎಂಬ ಮಾತು ಹುಲಸೂರನ್ನೂ ಮುಟ್ಟಿತು. ಗಾಯಗೊಂಡವನನ್ನು ಮನೆಗೆ ಕರೆತಂದ ಮೇಲೆ ಭಾವ ಡ್ರೈವರನ ಕೈಯಲ್ಲಿ ಒಂದು ಬುಟ್ಟಿ ಸೇಬುಹಣ್ಣು ಕಳಿಸಿದರು. ಹುಲಸೂರಿನವನ ಹೆಂಡತಿ ಬುಟ್ಟಿಯನ್ನು ಹಾಗೇ ವಾಪಸು ಕಳಿಸಿದಳು. ಜೊತೆಗೆ ಒಂದು ಮಾತು. ಡ್ರೈವರ್ ಅದನ್ನು ಸಾಹುಕಾರರಿಗೆ ಹೇಳಲು ಹೆದರಿ ಹುಮನಾಬಾದಿಗೆ ಬಂದು ಅತ್ತೆಗೆ ಹೇಳಿದ: "ನನ್ನ ಗಂಡ ಕುಡದಿಲ್ಲ ಅಂತ ಸಾವ್ಕಾರ್ರು ನಮ್ಮ ಮನಿಗಿ ಬಂದು ಹೇಳ್ಲಿ. ಮಾಫಿ ಕೇಳ್ಲಿ. ಹಣ್ಣ ನಾವೂ ತಗೋತೀವಿ ಬಜಾರಕ್ಕ ಹೋಗಿ."

ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಸೀರೆ ಬದಲಿಸಿ, ನನ್ನನ್ನು ಕರೆದುಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದರು. ಹಿರಿಯ ಮಗನ ದೊಡ್ಡ ಮನೆಯಲ್ಲಿ ಸೋಫಾದ ಮೇಲೆ ಕೂರಲಿಲ್ಲ, ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತರು. ಹಿರಿಯ ಸೊಸೆ ನೀರು ತಂದಳು. ಮುಟ್ಟಲಿಲ್ಲ.

"ಹುಲಸೂರಿಗಿ ಯಾವಾಗ ಹೋಗ್ತಿ?"

"ಅವ್ವಾ, ಒಳಗ ಬಾ. ಮಂದಿ ನೋಡ್ತಾರ."

"ನೋಡ್ಲಿ. ನಿನಗ ಮಂದಿ ನೋಡೋದು ಬೇಕಲ್ಲ? ನೀ ಅಲ್ಲಿಗಿ ಹೋಗಿ ಬರೋ ತನಕ ನಿನ್ನ ಮನಿ ನೀರು ನನಗ ಬ್ಯಾಡ. ವರ್ಷದ ಪೂಜಿಗೂ ನೀ ಬರಬ್ಯಾಡ."

ಕೂಗಲಿಲ್ಲ, ಅಳಲಿಲ್ಲ. ಎದ್ದು ಹೊರಟುಬಿಟ್ಟರು. ಬಸ್ ನಿಲ್ದಾಣದಲ್ಲಿ ನನಗೆ ಕಬ್ಬಿನ ಹಾಲು ಕೊಡಿಸಿ ತಾವೂ ಕುಡಿದರು.

ಭಾವ ಕೆಲವು ದಿನ ಬಿಟ್ಟು ಹುಲಸೂರಿಗೆ ಹೊರಟರು. ಅತ್ತೆಯನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ನಡುವಿನ ಸೀಟಿನಲ್ಲಿ ಭಾವ; ಅವರ ಹಿಂದಿನ ಸೀಟಿನಲ್ಲಿ ನಮ್ಮ ಪಕ್ಕ ಶಾಲು, ಹಾರ, ಫಲಕ ಇದ್ದ ಚೀಲವಿತ್ತು. ಮುಂದೆ ಡ್ರೈವರನ ಪಕ್ಕ ಕ್ಯಾಮೆರಾ ಹಿಡಿದವನೊಬ್ಬ, ಮೊಬೈಲಿನಲ್ಲಿ ಸುದ್ದಿ ಚಾನಲ್ ನಡೆಸುವವನು. ಚೀಲದೊಳಗೆ ಇಣುಕಿ ನೋಡಿದೆ. ಫಲಕದ ಮೇಲೆ 'ಶ್ರಮವೀರ' ಎಂದಿತ್ತು. ಮಾಫಿ ಕೇಳು ಎಂದರೆ ಈ ಮನುಷ್ಯ ಸನ್ಮಾನ ಮಾಡಲು ಹೊರಟಿದ್ದರು! ಅರ್ಧ ಪಾದ ಕಳೆದುಕೊಂಡವನಿಗೆ ಹಾರ ಹಾಕಿ, ಅದರಲ್ಲೂ ಒಂದು ವಿಡಿಯೊ. ಹುಲಸೂರಿನವರೆಗೂ ನಾನು ಕಿಟಕಿಯಾಚೆಗೆ ನೋಡುತ್ತ ಕೂತೆ. ಅವರ ಕತ್ತಿನ ಹಿಂಭಾಗ ನೋಡಿದರೂ ಹೇಸಿಗೆಯಾಗುತ್ತಿತ್ತು.

ಮನೆ ಎರಡು ಕೋಣೆಯದು, ಮುಂದೆ ಸಣ್ಣ ಕಟ್ಟೆ. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ತೆಳ್ಳಗಿನ ಹೆಂಗಸು. ಕೂಲಿಗೆ ಹೋಗಿ ಬಂದಂತಿತ್ತು, ಸೀರೆಯ ಅಂಚಿಗೆ ಮಣ್ಣು. ಕ್ಯಾಮೆರಾದವನು ಮೊದಲು ಇಳಿದು ಅವಳಿಗೆ, "ಸ್ವಲ್ಪ ಈ ಕಡೆ ಸರೀರಿ, ಬೆಳಕು ಬೇಕು" ಎಂದ.

ಅವಳು ಸರಿಯಲಿಲ್ಲ. ಭಾವನನ್ನು ನೋಡಿ, "ಅದ್ಯಾಕ್ರಿ ತಂದೀರಿ?" ಎಂದಳು.

"ಮಂದಿಗಿ ಗೊತ್ತಾಗ್ಲಿ ಅಂತವ್ವ. ನಿನ್ನ ಗಂಡ ದೊಡ್ಡ ಕೆಲಸ ಮಾಡ್ಯಾನ..."

"ಕುಡದಿದ್ದ ಅಂತ ಹೇಳುವಾಗ ಕ್ಯಾಮೆರಾ ಇತ್ತೇನ್ರಿ?"

ಅಕ್ಕಪಕ್ಕದ ಮನೆಗಳಿಂದ ಜನ ಹೊರಗೆ ಬಂದು ನಿಂತಿದ್ದರು. ಅವಳು ಕೈ ಮುಗಿದಳು, ಅತ್ತೆಗೆ. ನಮಗಿಬ್ಬರಿಗೂ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಮತ್ತೆ ಭಾವನ ಕಡೆ ತಿರುಗಿ, "ಒಳಗ ಬರೋದಿದ್ರ ನೀವೊಬ್ರೇ ಬರ್ರಿ. ಖಾಲಿ ಕೈಲೆ ಬರ್ರಿ. ಫೋನ್ ಸುದ್ದಾ ಹೊರಗಿಡ್ರಿ. ಇಲ್ಲಂದ್ರ ಹಂಗೇ ಹೋಗ್ರಿ, ನಮದೇನೂ ಜಬರ್ದಸ್ತಿ ಇಲ್ಲ" ಎಂದಳು.

ಅವರು ಹಿಂದಿರುಗಿ ಕಾರಿನ ಕಡೆ ನೋಡಿದರು. ಹೊರಟೇ ಹೋಗುತ್ತಾರೆ ಎಂದು ನನಗೆ ಅನಿಸಿತು. ಹೋಗಲಿ ಎಂದೂ ಅನಿಸಿತು; ಆಗ ನನ್ನ ತಿರಸ್ಕಾರಕ್ಕೆ ಯಾವ ಕೊರತೆಯೂ ಇರುತ್ತಿರಲಿಲ್ಲ. ಅತ್ತೆ ಮಗನನ್ನು ನೋಡಲೂ ಇಲ್ಲ, ಕಟ್ಟೆಯ ಮೇಲೆ ಕೂತು ಬಂದ ಕೋಳಿಯನ್ನು ಅಟ್ಟುತ್ತಿದ್ದರು. ಭಾವ ಕಿಸೆಯಿಂದ ಫೋನ್ ತೆಗೆದು ಡ್ರೈವರನ ಕೈಗೆ ಕೊಟ್ಟರು. ಇನ್ನೊಂದು ಕಿಸೆಯಿಂದ ಇನ್ನೊಂದನ್ನೂ ಕೊಟ್ಟರು. ಚಪ್ಪಲಿ ಬಿಟ್ಟು, ಬಾಗಿಲು ಗಿಡ್ಡವಾದ್ದರಿಂದ ತಲೆ ತಗ್ಗಿಸಿ ಒಳಗೆ ಹೋದರು. ಅವಳೂ ಹಿಂದೆಯೇ ಹೋಗಿ ಬಾಗಿಲು ಮುಚ್ಚಿದಳು.

ಒಳಗಿನಿಂದ ಮಾತು ಕೇಳಿಸಲಿಲ್ಲ. ಒಂದು ಸಲ ಹುಲಸೂರಿನವನ ಕೆಮ್ಮು ಕೇಳಿಸಿತು. ಕ್ಯಾಮೆರಾದವನು ಅತ್ತಿಂದಿತ್ತ ಅಡ್ಡಾಡಿದ, ಮನೆಯ ಗೋಡೆಯ ಫೋಟೊ ತೆಗೆದ, ಪಕ್ಕದ ಮನೆಯ ಮುದುಕಿಯಿಂದ ಬೈಸಿಕೊಂಡ. ಬಾಗಿಲು ತೆರೆದು ಭಾವ ಹೊರಬಂದಾಗ ಅವರ ಮುಖ ನಾನು ಎಂದೂ ನೋಡಿರದಂತೆ ಇತ್ತು, ತೊಳೆದಿಟ್ಟಂತೆ. ಡ್ರೈವರನ ಹತ್ತಿರ ಫೋನ್ ಕೇಳಲಿಲ್ಲ, ನೀರು ಕೇಳಿದರು. ಕ್ಯಾಮೆರಾದವನಿಗೆ, "ನೀ ಬಸ್ಸಿಗಿ ಬಾ" ಎಂದರು. ಕಾರು ನೇರ ಬಸವಕಲ್ಯಾಣಕ್ಕೆ ಹೊರಟಿತು. ಅವತ್ತು ಅತ್ತೆ ಅವರ ಮನೆಯಲ್ಲಿ ನೀರು ಕುಡಿದರು. ಚಹಾವನ್ನೂ ಕುಡಿದರು.

ವರ್ಷದ ಪೂಜೆ ಕಲ್ಲಿಲ್ಲದೆ ನಡೆಯಿತು. ಸಮಾಧಿಯ ಮಣ್ಣನ್ನು ನನ್ನ ಗಂಡ ಸಲಿಕೆಯಿಂದ ಸಮ ಮಾಡಿದ, ಅತ್ತೆ ಹೂವು ಇಟ್ಟರು, ಭಾವ ಹಿಂದೆ ನಿಂತಿದ್ದರು. ಬಂಡೆ ಇನ್ನೂ ಹಳ್ಳದಲ್ಲೇ ಬಿದ್ದಿದೆ. ಮಳೆಗಾಲದಲ್ಲಿ ನೀರು ಅದಕ್ಕೆ ಬಡಿದು ಪಕ್ಕದ ದಂಡೆಯನ್ನು ಕೊರೆಯುತ್ತಿದೆಯೆಂದು ಆ ಹೊಲದವನು ಬೈಯುತ್ತಾನೆ. ಕ್ರೇನಿನಿಂದ ಎತ್ತಿಸುತ್ತೇನೆ ಎಂದು ಭಾವ ಹೇಳುತ್ತಲೇ ಇದ್ದಾರೆ.

ಅವರು ಬದಲಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊನ್ನೆ ನೆಂಟರ ಮದುವೆಯ ಪಂಕ್ತಿಯಲ್ಲಿ ಹೊಸಬರಿಗೆ ಶುರಾದ ಕಥೆ ಹೇಳುತ್ತಿದ್ದರು. ಇಂದ್ರ ಇದ್ದ, ಅಸುರನಿದ್ದ, ಮಂದಿ ಹೈಸಾ ಎಂದದ್ದಿತ್ತು. ಕೊನೆಗೆ, "ಸ್ವಲ್ಪ ಜಾರ್ತು, ಅಷ್ಟೇ" ಎಂದು ಬುಂದಿಯ ಕಡೆ ಕೈ ಚಾಚಿದರು. ಅರ್ಧ ಪಾದದ ಸುದ್ದಿ ಬರಲೇ ಇಲ್ಲ. ನಾನು ಎದುರು ಪಂಕ್ತಿಯಲ್ಲಿ ಕೂತು ಅವರ ಮುಖವನ್ನೇ ದಿಟ್ಟಿಸಿ ನೋಡಿದೆ. ಅವರು ನನ್ನನ್ನು ನೋಡಿ, ಮಾತು ನಿಲ್ಲಿಸಿ, ಎಲೆಯ ಮೇಲೆ ತಲೆ ಬಗ್ಗಿಸಿದರು.

ಹುಲಸೂರಿನವನು ಈಗ ಊರಿನ ಬಸ್ ನಿಲ್ದಾಣದ ಹತ್ತಿರ ಸೈಕಲ್ ಪಂಕ್ಚರ್ ತಿದ್ದುತ್ತಾನೆ, ಕೂತು ಮಾಡುವ ಕೆಲಸ. ಅವನ ಹೆಂಡತಿ ಹೋದ ತಿಂಗಳು ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಕೈಯಲ್ಲಿ ಗಂಡನಿಗೆ ಕೊಂಡ ಟ್ಯೂಬುಗಳಿದ್ದವು. ಸುಖದುಃಖ ಮಾತಾಡಿದೆವು. ನನಗೆ ಅವತ್ತಿನಿಂದ ಕೊರೆಯುತ್ತಿದ್ದುದನ್ನು ತಡೆಯಲಾಗಲಿಲ್ಲ.

"ಅವತ್ತ ಒಳಗ ಭಾವಾರು ಏನಂದ್ರವ್ವ? ಮಾಫಿ ಕೇಳಿದ್ರೇನು?"

"ಕೇಳಿದ್ರು ರೀ."

"ಏನಂತ ಕೇಳಿದ್ರು?"

ಅವಳು ಟ್ಯೂಬುಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಅದು ನಮ್ಮ ಮನಿಯಾಗ ಆಗಿದ್ದ ಮಾತು ರೀ, ಅಕ್ಕಾರ" ಎಂದಳು. ಅಷ್ಟರಲ್ಲಿ ಹುಲಸೂರಿನ ಬಸ್ಸು ಬಂತು. ಸೀಟು ಸಿಗಲೆಂದು ಕಿಟಕಿಯಿಂದ ಕರವಸ್ತ್ರ ಒಗೆದು, ಗದ್ದಲದಲ್ಲಿ ನುಗ್ಗಿ ಹತ್ತಿದಳು.